ಗಂಡನ ಹೆಸರು ಕೂಗಿಸುತ್ತಿದ್ದ ಅಕ್ಕ

ನಾನು ಓದು ನಿಲ್ಲಿಸಿದ್ದು 1971ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆ ವರ್ಷ ತಮಿಳುನಾಡಿನ ನಮ್ಮ ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ನೆಡುವ ಕೆಲಸ ಬೇಕಾದಷ್ಟಿತ್ತು. ಒಂದು ಕಂಬಕ್ಕೆ ಇಬ್ಬರು ದೊಡ್ಡವರು ಬೇಕು. ಒಂದು ತುದಿಗೆ ದೊಡ್ಡವರೊಬ್ಬರು ನಿಂತರೆ ಇನ್ನೊಂದು ತುದಿಗೆ ಹದಿಮೂರು ವರ್ಷದ ನಾನು ಹೆಗಲು ಕೊಟ್ಟೆ. ಅಲ್ಲಿಂದ ಇಲ್ಲಿಯವರೆಗೆ ನೆಗಡಿ, ಜ್ವರ ಅಂತ ಒಂದು ದಿನವೂ ಮಲಗಿದವನಲ್ಲ ಅಂತ ಹೇಳಿಕೊಂಡೇ ತಿರುಗಿದೆ. ಅದು ನಿಜವೋ ಅಲ್ಲವೋ ಅಂತ ಈಗ ನನಗೇ ಅನುಮಾನ. ಆ ಅನುಮಾನದಿಂದಲೇ ಈ ಅಕ್ಕನ ವಿಷಯ ಬರೆಯಲು ಕೂತಿದ್ದೇನೆ.

ನಮ್ಮ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲೂ ತಮಿಳು. ಕನ್ನಡ ಅಕ್ಷರ ಕಲಿತದ್ದು ದ್ರಾಕ್ಷಿ ಲಾರಿಯ ಜೊತೆ ಬೆಂಗಳೂರಿಗೆ ಹೋಗಿ ಬರುತ್ತಿದ್ದಾಗ, ಮಾರ್ಕೆಟ್ಟಿನ ಬೋರ್ಡುಗಳನ್ನು ಓದಿ ಓದಿ. ಇದರಲ್ಲಿ ತಪ್ಪು ಕಂಡರೆ ಆ ಬೋರ್ಡು ಬರೆದವರನ್ನು ಕೇಳಿ.

ಅಕ್ಕನ ಹೆಸರು ಬರೆಯುವುದಿಲ್ಲ. ಬೇಡ ಅಂತ ಅವಳ ಮಗಳು ಹೇಳಿದ್ದಾಳೆ. ನಮ್ಮ ಜನವೇ, ಕಾಮಯಗೌಂಡನ್‌ಪಟ್ಟಿಯಲ್ಲಿ ನಮ್ಮ ಹಿಂದಿನ ಬೀದಿ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಗಂಡ ಇಲ್ಲ, ಒಬ್ಬಳೇ ಮಗಳು. ಕುಳ್ಳಿ. ಚಪ್ಪರದ ಕೆಳಗೆ ಎಲ್ಲರೂ ಕತ್ತು ಬಗ್ಗಿಸಿ ನಡೆದರೆ ಅವಳೊಬ್ಬಳು ನೆಟ್ಟಗೆ ನಡೆಯುತ್ತಿದ್ದಳು. ಹಣ್ಣು ಕೀಳುವ ಹೆಂಗಸರ ಗುಂಪಿಗೆ ಅವಳೇ ಮೇಸ್ತ್ರಿ. ಅವಳೂ ಸೇರಿ ಹದಿನಾಲ್ಕು ಜನ. ಗುಂಪಿನವರಿಗೆಲ್ಲ ಅವಳು ಅತ್ತೆ, ನನಗೆ ಅಕ್ಕ.

ದ್ರಾಕ್ಷಿ ಕೀಳುವುದು ಅಂದರೆ ಕಿತ್ತು ಬುಟ್ಟಿಗೆ ಹಾಕುವುದಲ್ಲ. ಹಣ್ಣಿನ ಮೇಲೆ ಬೂದಿಯಂಥ ಬಿಳಿ ಪುಡಿ ಕೂತಿರುತ್ತದೆ. ಅದು ಅಳಿಸಿದರೆ ಕೇರಳದ ವ್ಯಾಪಾರಿ ಪೆಟ್ಟಿಗೆಯನ್ನು ಬದಿಗೆ ತಳ್ಳುತ್ತಾನೆ. ತೊಟ್ಟು ಹಿಡಿದು ಕತ್ತರಿಸಬೇಕು, ತೊಟ್ಟು ಹಿಡಿದೇ ಕೊಳೆತ ಕಾಯಿ ಬಿಡಿಸಬೇಕು, ತೊಟ್ಟು ಹಿಡಿದೇ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಹೆಂಗಸರು ಚಪ್ಪರದ ನೆರಳಲ್ಲಿ ಗೋಣಿ ಹಾಸಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಇದನ್ನು ಮಾಡುತ್ತಾರೆ. ಮೇಲೆ ಎಲೆಯ ಮುಚ್ಚಳ, ಕೆಳಗೆ ಒದ್ದೆ ಮಣ್ಣು. ಕಾರ್ತಿಕದ ಮಳೆಯಲ್ಲಿ ಒಬ್ಬಳಿಗೆ ನೆಗಡಿ ಬಂತೆಂದರೆ ನಾಲ್ಕು ದಿನಕ್ಕೆ ಇಡೀ ಗೋಣಿಗೆ ಬಂತು ಅಂತಲೇ ಲೆಕ್ಕ.

ಅದಕ್ಕೆ ಅಕ್ಕ ಒಂದು ಕಟ್ಟಳೆ ಮಾಡಿದ್ದಳು. ಐಪ್ಪಸಿಯಿಂದ ತೈವರೆಗೆ, ಅಂದರೆ ಮಳೆ ಹಿಡಿದಾಗಿನಿಂದ ಸಂಕ್ರಾಂತಿ ಕಳೆಯುವವರೆಗೆ, ಬೆಳಿಗ್ಗೆ ತೋಟದೊಳಗೆ ಕಾಲಿಡುವ ಮೊದಲು ಒಬ್ಬೊಬ್ಬಳೂ ಕಾಲುವೆಯ ಏರಿ ಮೇಲೆ ನಿಂತು, ಬೆಟ್ಟದ ಕಡೆ ಮುಖ ಮಾಡಿ, ತನ್ನ ಗಂಡನ ಹೆಸರು ಕೂಗಬೇಕು. ಅಕ್ಕ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಗಂಟಲು ಒಡೆದಿದ್ದರೆ ಅವಳ ಕಿವಿಗೆ ಸಿಕ್ಕಿಬಿಡುತ್ತದೆ.

ಗೊತ್ತಿಲ್ಲದವರಿಗೆ ಇದು ಆಟ ಅನ್ನಿಸಬಹುದು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ನನ್ನ ಹೆಂಡತಿ ಪಕ್ಕದವಳ ಕಡೆ ನೋಡುತ್ತಾಳೆ, ಪಕ್ಕದವಳು ಹೇಳುತ್ತಾಳೆ. ಅಂಥವರನ್ನು ನಿಲ್ಲಿಸಿ ಬೆಟ್ಟಕ್ಕೆ ಕೇಳುವ ಹಾಗೆ ಕೂಗು ಅಂದರೆ?

ಗುಂಪಿಗೆ ಹೊಸದಾಗಿ ಒಬ್ಬ ಹುಡುಗಿ ಸೇರಿದ ದಿನ ನಾನು ಅಲ್ಲೇ ಪೆಟ್ಟಿಗೆ ಇಳಿಸುತ್ತಿದ್ದೆ. ಮದುವೆಯಾಗಿ ಆರು ತಿಂಗಳಾಗಿತ್ತು ಅವಳಿಗೆ.

"ಕೂಗು," ಅಂದಳು ಅಕ್ಕ.

"ಹೆಂಗತ್ತೆ ಕೂಗೋದು?"

"ಬಾಯಲ್ಲಿ."

ಹುಡುಗಿ ಸೆರಗು ಕಚ್ಚಿಕೊಂಡು ಏನೋ ಪಿಸುಗುಟ್ಟಿದಳು.

"ಗಂಟಲು ಕಟ್ಟಿದೆ. ಹೋಗು, ನಾರು ಸೀಳು."

"ಇಲ್ಲತ್ತೆ, ಚೆನ್ನಾಗೇ ಇದೀನಿ. ನಾಚಿಕೆ."

"ನಾಚಿಕೆನೋ ಸಳಿನೋ ನನ್ನ ಕಿವಿಗೆ ಎರಡೂ ಒಂದೇ. ಹೋಗು."

ಸಳಿ ಅಂದರೆ ನೆಗಡಿ. ನಾರು ಸೀಳುವುದು ಅಂದರೆ ಬಳ್ಳಿ ಕಟ್ಟಲು ಒಣಗಿದ ಬಾಳೆಪಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸುವುದು. ಗಂಟಲು ಕೆಟ್ಟವರಿಗೆ ಅಕ್ಕ ಕೊಡುತ್ತಿದ್ದ ಕೆಲಸ ಅದು. ಚಪ್ಪರದ ಆಚೆ, ಬಿಸಿಲಲ್ಲಿ, ಒಬ್ಬರಿಂದೊಬ್ಬರು ಹತ್ತು ಮೊಳ ದೂರ ಕೂತು ಮಾಡಬೇಕು. ಕೂಲಿ ಅದೇ ಕೂಲಿ. ಕೂಲಿ ತಪ್ಪಿದರೆ ಸಳಿ ಬಚ್ಚಿಡುತ್ತಾರೆ, ಬಚ್ಚಿಟ್ಟರೆ ಹಂಚುತ್ತಾರೆ ಅಂತ ತೋಟದವರ ಹತ್ತಿರ ಮೊದಲೇ ಜಗಳವಾಡಿ ಒಪ್ಪಿಸಿದ್ದಳು. ಕೊನೆಗೆ ಊರಲ್ಲೆಲ್ಲ ಅದೇ ಮಾತಾಯಿತು. ಯಾರಾದರೂ ಟೀ ಅಂಗಡಿಗೆ ಬರದಿದ್ದರೆ, "ಎಲ್ಲಿ, ನಾರು ಸೀಳ್ತಿದಾನಾ?" ಅನ್ನುತ್ತಿದ್ದರು.

ಮೂರನೇ ದಿನ ಆ ಹುಡುಗಿ ಏರಿ ಮೇಲೆ ನಿಂತು, ಕಣ್ಣು ಬಿಗಿಯಾಗಿ ಮುಚ್ಚಿ, "ಸುರುಳೀ" ಅಂತ ಕೂಗಿದಳು. ಆಚೆ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಸುರುಳಿ ಡಬ್ಬ ಇಳಿಸಿ ಓಡಿ ಬಂದ, ಏನಾಯಿತೋ ಅಂತ. ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು, "ಅಣ್ಣೇ, ಏನಿಲ್ಲ ಹೋಗು, ಸಳಿ ಇದೆಯಾ ಅಂತ ನೋಡಿದ್ವಿ," ಅಂದಳು. "ಯಾರಿಗೆ?" ಅಂದ ಅವನು. ಅದಕ್ಕೆ ಇನ್ನಷ್ಟು ನಕ್ಕರು.

ಮೊದಲ ಕೂಗು ಯಾವಾಗಲೂ ಅಕ್ಕನದೇ. ಸತ್ತು ಬಹಳ ವರ್ಷವಾದ ಗಂಡನ ಹೆಸರು. "ಬೊಮ್ಮಯ್ಯಾ" ಅಂತ ಎಳೆದು ಕೂಗಿ, ಉತ್ತರ ಬರುತ್ತದೇನೋ ಅನ್ನುವ ಹಾಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ "ಮುಂದಿನವಳು" ಅನ್ನುತ್ತಿದ್ದಳು.

ಈ ಉಪಾಯ ಎಲ್ಲಿ ಕಲಿತೆ ಅಂತ ಮೂರು ಸಲ ಕೇಳಿದೆ, ಮೂರು ಉತ್ತರ ಕೊಟ್ಟಳು. ಒಂದು ಸಲ, "ತನ್ನ ಹೆಸರಾದ್ರೆ ಗಂಟಲಲ್ಲೇ ಹೇಳ್ತಾರೆ ತಮ್ಮಾ. ಗಂಡನ ಹೆಸರನ್ನ ಹೊಟ್ಟೆಯಿಂದ ಕೂಗ್ತಾರೆ. ಒಳಗಿರೋದೆಲ್ಲ ಆಚೆ ಬರ್ತದೆ," ಅಂದಳು. ಇನ್ನೊಂದು ಸಲ, ಬೋಡಿ ಊರಿನ ಮೇಲಿನ ಬೆಟ್ಟದ ಏಲಕ್ಕಿ ತೋಟದಲ್ಲಿ ಕೆಲಸಕ್ಕಿದ್ದಾಗ ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದೆ ಕೂಗಿಕೊಳ್ಳುತ್ತಿದ್ದರಂತೆ, ಯಾರ ಕೂಗು ಒಡೆದಿದೆಯೋ ಅವರು ಎರಡು ದಿನಕ್ಕೆ ಮಲಗುತ್ತಿದ್ದರಂತೆ, ಅದನ್ನು ನೋಡಿ ಕಲಿತೆ ಅಂದಳು. ಮೂರನೇ ಸಲ ನಾನು ಒತ್ತಿ ಕೇಳಿದಾಗ, ಅಡಿಕೆ ಉಗಿದು, "ಅವರಿದ್ದಾಗ ಹೆಸರು ಕರೀಲೇ ಇಲ್ಲ. ಹೋದ ಮೇಲೆ ಕರೀಬೇಕು ಅನ್ನಿಸ್ತು. ಒಬ್ಬಳೇ ಕೂಗಿದ್ರೆ ಹುಚ್ಚಿ ಅಂತಾರೆ. ಅದಕ್ಕೇ ಎಲ್ಲರ ಕೈಲೂ ಕೂಗಿಸ್ತೀನಿ," ಅಂದಳು. ಹೇಳಿ ಎದ್ದು ಹೋದಳು. ಇದರಲ್ಲಿ ಯಾವುದು ನಿಜ? ಮೂರೂ ನಿಜ ಇರಬಹುದು. ಮೂರೂ ಸುಳ್ಳೂ ಇರಬಹುದು.

ಅವಳೇ ಹಾಗೆ, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಉಣ್ಣುವ ಮೊದಲು ಎಲ್ಲರೂ ಬೂದಿ ಹಾಕಿ ಕೈ ಉಜ್ಜಬೇಕು, ಅವಳು ಮಾತ್ರ ಎಲ್ಲೆಂದರಲ್ಲಿ ಅಡಿಕೆ ಉಗಿಯುತ್ತಾಳೆ. ಒಬ್ಬಳ ಲೋಟ ಇನ್ನೊಬ್ಬಳು ಮುಟ್ಟುವ ಹಾಗಿಲ್ಲ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿಸಿದ್ದಳು. "ಎತ್ತಿ ಕುಡಿ, ಕಚ್ಚಬೇಡ" ಅಂತ ದಿನಕ್ಕೆ ಹತ್ತು ಸಲ. ಆದರೆ ಮೂಗು ಸುರಿಸುವ ಯಾರ ಮಗು ಸಿಕ್ಕರೂ ಎತ್ತಿಕೊಂಡು ಮುದ್ದಾಡುತ್ತಾಳೆ. ನನ್ನ ಹೆಂಡತಿ ಮೆಣಸಿನ ರಸ, ದೊಡ್ಡಪತ್ರೆ ಕಷಾಯ ಅಂತ ಏನಾದರೂ ಹೇಳಿದರೆ, "ಅದೆಲ್ಲ ಬಂದ ಮೇಲೆ ಕುಡಿಯೋದು. ಬರದ ಹಾಗೆ ಮಾಡೋ ರಸ ಇಲ್ಲ ತಂಗಿ. ದೂರ ಕೂರೋದು, ಅಷ್ಟೇ," ಅನ್ನುತ್ತಿದ್ದಳು. ಹೇಳಿ, ನಮ್ಮ ಮನೆಯ ರಸವನ್ನು ಎರಡು ಲೋಟ ಕುಡಿದು ಹೋಗುತ್ತಿದ್ದಳು.

ಇನ್ನು 1997ರ ಕಾರ್ತಿಕದ ವಿಷಯ. ಅದು ನನ್ನ ಸ್ವಂತ ತೋಟದ ಮೊದಲ ಬೆಳೆ. ಇಪ್ಪತ್ತಾರು ವರ್ಷ ಬೇರೆಯವರ ಕಂಬ ಹೊತ್ತು, ಒಂದೂವರೆ ಎಕರೆಗೆ ನನ್ನ ಕಂಬ ನಾನೇ ನೆಟ್ಟಿದ್ದೆ. ಗೊಂಚಲು ಕಪ್ಪಾಗಿ ಜೋತಿದ್ದವು. ದ್ರಾಕ್ಷಿ ಹಣ್ಣಾದ ಮೇಲೆ ಜೋರು ಮಳೆ ಬಿದ್ದರೆ ನೀರು ಕುಡಿದು ಸಿಪ್ಪೆ ಬಿರಿಯುತ್ತದೆ, ಮರುದಿನಕ್ಕೆ ನೊಣ, ಅದರ ಮರುದಿನಕ್ಕೆ ಹುಳಿ ವಾಸನೆ. ಬೆಳಿಗ್ಗೆ ಎದ್ದು ನೋಡಿದರೆ ಘಟ್ಟದ ಮೇಲೆ ಮೋಡ ಎಮ್ಮೆಯ ಹಾಗೆ ಮಲಗಿತ್ತು. ಎರಡು ದಿನದಲ್ಲಿ ಎಲ್ಲ ಕಿತ್ತು ಮುಗಿಸಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಹಿಂದಿನ ದಿನದಿಂದ ನನ್ನ ಗಂಟಲು ಕೆರೆಯುತ್ತಿತ್ತು. ಮೈ ಸ್ವಲ್ಪ ಬೆಚ್ಚಗೆ. ಉಪ್ಪುನೀರು ಮುಕ್ಕಳಿಸಿದೆ, ಶುಂಠಿ ಅಗಿದೆ, ಹೆಂಡತಿಗೂ ಹೇಳಲಿಲ್ಲ. ನನಗೆ ಜ್ವರ ಬರುವುದಿಲ್ಲ ಅಂತ ಊರಿಗೇ ಗೊತ್ತಲ್ಲ.

ಹೆಂಗಸರು ಏರಿ ಹತ್ತಿರ ನಿಂತಿದ್ದರು. ನಾನು ಬೇಗ ಬೇಗ ಹೋಗಿ ಹೇಳಿದೆ:

"ಅಕ್ಕಾ, ಇವತ್ತು ಕೂಗು ಬೇಡ. ಮೋಡ ನೋಡು. ಸೀದಾ ಒಳಗೆ ನಡೀರಿ."

ಹಾಗೆ ಹೇಳಿದ್ದು ಹೊತ್ತು ಉಳಿಸುವುದಕ್ಕೆ. ಹದಿನಾಲ್ಕು ಜನ ಕೂಗಲು ಎಷ್ಟು ಹೊತ್ತು ಬೇಕು? ಒಂದು ಬೀಡಿ ಸೇದುವಷ್ಟೂ ಬೇಡ. ಹಾಗಾದರೆ ಯಾಕೆ ಹೇಳಿದೆ? ಯಾರಾದರೂ ನಾರು ಸೀಳಲು ಹೋದರೆ ಕೀಳುವ ಕೈ ಕಡಿಮೆಯಾಗುತ್ತದೆ ಅಂತ. ಇನ್ನೂ ಒಂದಿದೆ. ಅವಳು ತಮಾಷೆಗೆ ನನ್ನನ್ನೂ ಕೂಗು ಅಂದುಬಿಟ್ಟರೆ? ಒಮ್ಮೊಮ್ಮೆ ಅನ್ನುತ್ತಿದ್ದಳು, "ತಮ್ಮಾ, ನೀನೂ ನಿನ್ನ ಹೆಂಡ್ತಿ ಹೆಸರು ಕೂಗು ನೋಡೋಣ" ಅಂತ.

ಅಕ್ಕ ನನ್ನನ್ನೇ ನೋಡಿದಳು. ಜಗಳಕ್ಕೆ ಬರುತ್ತಾಳೆ ಅಂತ ಕಾದೆ. ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತರಿ ತೆಗೆದುಕೊಂಡು, ಬಾಯಿ ಬಿಡದೆ ಚಪ್ಪರದೊಳಗೆ ಹೋದಳು. ಅಪ್ಪನ ಮಾತಿಗೂ ತಲೆಬಾಗದಿದ್ದ ಹೆಂಗಸು ಇವಳು ಅಂತ ಅವಳ ಮನೆಯವರೇ ಹೇಳುತ್ತಿದ್ದರು. ಹಿಂದೆ ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಆ ದಿನವೆಲ್ಲ ಅವಳು ಕತ್ತರಿಯ ತುದಿಯಲ್ಲೇ ಅದು ಇದು ತೋರಿಸುತ್ತಿದ್ದಳು. ಕೋಪ ಬಂದಿದೆ ಅಂದುಕೊಂಡೆ. ಕೆಲಸ ನಡೆಯುತ್ತಿತ್ತಲ್ಲ, ನನಗೆ ಅಷ್ಟು ಸಾಕಿತ್ತು. ನಾನೂ ಗೋಣಿಯ ಅಂಚಿಗೆ ಕೂತು ಪೆಟ್ಟಿಗೆ ಕಟ್ಟಿದೆ, ಎರಡು ಸಲ ಸೀನಿದೆ. ದ್ರಾಕ್ಷಿಯ ಧೂಳು ಅಂದೆ.

ಎರಡನೆಯ ದಿನ ಅರ್ಧ ಜನ ಬಂದರು. ಮೂರನೆಯ ದಿನ ಹದಿನಾಲ್ಕರಲ್ಲಿ ಒಂಬತ್ತು ಜನ ಮಲಗಿದ್ದರು. ಮಳೆ ಬಂತು. ಚಪ್ಪರದ ಅರ್ಧ ಹಣ್ಣು ಕೀಳದೆ ಹಾಗೇ ಉಳಿಯಿತು.

ಉಳಿದವರು ಹೆದರಿ ಬರಲಿಲ್ಲ, ಅಕ್ಕ ಮಾತ್ರ ಬಂದಳು. ಬಾಯಿ ಮೂಗು ಸೇರಿಸಿ ಬಟ್ಟೆ ಕಟ್ಟಿದ್ದಳು. ನನ್ನ ಮೈಯೂ ಸುಡುತ್ತಿತ್ತು. ಕೈಯಲ್ಲೇ ಸನ್ನೆ ಮಾಡಿ ನನ್ನನ್ನು ತೋಟದ ಆ ಕೊನೆಗೆ ಕಳಿಸಿದಳು, ತಾನು ಈ ಕೊನೆಗೆ. ನಡುವೆ ಹನ್ನೆರಡು ಕಂಬ. ಮಳೆ ನಿಂತಾಗೆಲ್ಲ ಬಿರಿಯದ ಗೊಂಚಲು ಹುಡುಕಿ ಹುಡುಕಿ ಕಿತ್ತೆವು, ಎರಡು ದಿನ. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತಿತ್ತು. ನನ್ನಿಂದ ಅವಳಿಗೂ ಅಂಟಿತು ಅಂತಲೇ ನಾನು ತಿಳಿದದ್ದು.

ಬೆಳೆ ಅರ್ಧ ಹೋಯಿತು, ಹೋಗಲಿ, ಬಳ್ಳಿ ಇದೆ. ಆದರೆ ಆ ಹೊಸ ಹುಡುಗಿ, ಸುರುಳಿಯ ಹೆಂಡತಿ, ಆಗ ನಾಲ್ಕು ತಿಂಗಳ ಬಸುರಿ. ಅವಳಿಗೆ ಜ್ವರ ಎದೆಗೆ ಇಳಿಯಿತು. ಮೊದಲು ಕಂಬಂ, ಅಲ್ಲಿಂದ ತೇನಿ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ನಾನು ಮೂಸಂಬಿ ತೆಗೆದುಕೊಂಡು ಹೋದೆ. ವಾರ್ಡಿನ ಬಾಗಿಲಲ್ಲೇ ಸುರುಳಿ ನಿಂತಿದ್ದ.

"ಅಣ್ಣೇ, ಆ ದಿನ ಕೂಗು ಬೇಡ ಅಂದ್ರಂತಲ್ಲ."

"ಮಳೆ ಬರ್ತಿತ್ತಪ್ಪಾ."

"ನಿಮಗೂ ಸಳಿ ಇತ್ತಂತಲ್ಲ."

ಇಲ್ಲ ಅಂತ ಹೇಳಲು ಬಾಯಿ ತೆರೆದೆ. ಕೆಮ್ಮು ಬಂತು. ಅವನು ಮೂಸಂಬಿ ತೆಗೆದುಕೊಳ್ಳಲಿಲ್ಲ. ಹಣ್ಣಿನ ಚೀಲ ಹಿಡಿದುಕೊಂಡೇ ಬಸ್ಸು ಹತ್ತಿದೆ.

ತಾಯಿ ಮಗು ಇಬ್ಬರೂ ಉಳಿದರು. ಹೆಣ್ಣು ಮಗು. ಅದಾದ ಮೇಲೆ ಪ್ರತಿ ಬೆಳೆಗೂ ಮೊದಲ ಪೆಟ್ಟಿಗೆ ಆ ಮನೆಗೆ. ನಾನೇ ಹೋಗಿ ಕೊಡುವುದಿಲ್ಲ, ಹೆಂಡತಿ ಹೋಗಿ ಇಟ್ಟು ಬರುತ್ತಾಳೆ. ಯಾಕೆ ಅಂತ ಆ ಮನೆಯವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಊರಲ್ಲಿ, ಗೌಂಡರ ತೋಟದ ಕಾಚಲು, ಅಂದರೆ ನನ್ನ ತೋಟದ ಜ್ವರ, ಅಂತ ಅದಕ್ಕೇ ಹೆಸರಿಟ್ಟಿದ್ದರು. ನನ್ನ ಕಿವಿಗೂ ಬಿತ್ತು. ತಲೆ ಎತ್ತಿಕೊಂಡೇ ಓಡಾಡಿದೆ, ಒಳಗೆ ಬೇರೆ. ಮುಂದಿನ ಬೆಳೆಗೆ ಯಾರೂ ಬರುವುದಿಲ್ಲ ಅಂತ ಹೆದರಿದ್ದೆ. ಅಕ್ಕ ಎಲ್ಲರನ್ನೂ ಕರೆದುಕೊಂಡು ಬಂದಳು. "ತೋಟಕ್ಕೆ ಕಾಚಲು ಬರಲ್ಲ, ಮನುಷ್ಯರಿಗೆ ಬರೋದು. ನಡೀರಿ," ಅಂದಳಂತೆ. ನನ್ನ ಕಡೆ ತಿರುಗಿ, "ಇನ್ನು ಮೇಲೆ ಬೇಡ ಅಂದ್ರೂ ಕೂಗಿಸ್ತೀನಿ," ಅಂದಳು. ದೊಡ್ಡ ಮನಸ್ಸು ಅಂದುಕೊಂಡೆ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಳು ಅಂತ ಅವಳನ್ನು ಕಂಡರೆ ಎದ್ದು ನಿಲ್ಲುತ್ತಿದ್ದೆ. ನಾನು ಎದ್ದು ನಿಂತರೆ ಅವಳಿಗೆ ಕಸಿವಿಸಿ. "ಕೂತ್ಕೋ ತಮ್ಮಾ, ಕೂತ್ಕೋ, ನಾನೇನು ಕಲೆಕ್ಟರಾ," ಅಂತ ಬೇರೆ ದಾರಿ ಹಿಡಿಯುತ್ತಿದ್ದಳು.

ಈ ವರ್ಷ, 1999ರ ಆಷಾಢದಲ್ಲಿ, ಅಕ್ಕ ಹೋದಳು. ಜ್ವರವಲ್ಲ, ಬೆಳಿಗ್ಗೆ ಕಸ ಗುಡಿಸುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು, ಅಷ್ಟೇ. ಹದಿನಾರನೆಯ ದಿನದ ಊಟಕ್ಕೆ ಹೋದಾಗ ಅವಳ ಮಗಳು ಎಲೆ ಹಾಕುತ್ತಾ ನನ್ನ ಮುಂದೆ ನಿಂತಳು.

"ಮಾಮಾ, ನಿಮಗೆ ಒಂದು ಹೇಳಬೇಕಿತ್ತು. ಆ ವರ್ಷ ನಿಮ್ಮ ತೋಟದ ಕೆಲಸಕ್ಕೆ ಮೊದಲೇ ಅವ್ವಂಗೆ ಮೂರು ದಿನದಿಂದ ಗಂಟಲು ಕಟ್ಟಿತ್ತು. ಮಾತೇ ಬರ್ತಿರಲಿಲ್ಲ."

ಎಲೆಗೆ ನೀರು ಚಿಮುಕಿಸುತ್ತಿದ್ದವನು ತಲೆ ಎತ್ತಿ ಕೇಳಿದೆ.

"ಮತ್ತೆ ಯಾಕೆ ಬಂದಳು?"

"ಅವಳು ನಾರು ಸೀಳೋಕೆ ಕೂತರೆ ಗುಂಪು ನಿಲ್ಲಲ್ಲ, ನಿಮ್ಮ ಮೊದಲ ಬೆಳೆ ಹೋಗ್ತದೆ ಅಂತ. ಏರಿ ಮೇಲೆ ಹೋಗಿ ನಿಂತಾಗ ಕೂಗೋದು ಹೆಂಗೆ ಅಂತ ಗೊತ್ತಾಗಲಿಲ್ಲವಂತೆ. ಅಷ್ಟರಲ್ಲಿ ನೀವೇ ಬಂದು ಕೂಗು ಬೇಡ ಅಂದ್ರಂತೆ. ದೇವರೇ ತಮ್ಮನ ಬಾಯಲ್ಲಿ ಬಂದ ಅಂತ ಮನೆಗೆ ಬಂದು ಅತ್ತಳು. ಆ ಹುಡುಗಿ ಆಸ್ಪತ್ರೆ ಸೇರಿದ ಮೇಲೆ ಬಹಳ ಅತ್ತಳು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಅವಳನ್ನ ಕಂಡ್ರೆ ಎದ್ದು ನಿಲ್ತಿದ್ರಲ್ಲ ಮಾಮಾ. ಹೆಂಗೆ ಹೇಳೋದು."

ಅಕ್ಕ ಸಾಯುವವರೆಗೂ ಪ್ರತಿ ಶುಕ್ರವಾರ ಸುರುಳಿಯ ಮನೆಗೆ ಹೋಗಿ ಆ ಮಗುವಿಗೆ ಎಣ್ಣೆ ನೀರು ಹಾಕಿ ಬರುತ್ತಿದ್ದಳಂತೆ. ಅದೂ ನನಗೆ ಗೊತ್ತಿರಲಿಲ್ಲ.

ಊಟ ರುಚಿಸಲಿಲ್ಲ. ಮೊದಲು ಹಗುರ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ನನ್ನದಲ್ಲ, ಅವಳದು ಅಂತ. ಆಮೇಲೆ ಕೋಪ ಬಂತು. ಎರಡು ವರ್ಷ ನನ್ನ ಹೆಸರಲ್ಲಿ ಆ ಜ್ವರ ಓಡಾಡಿತಲ್ಲ, ಒಂದು ಮಾತು ಹೇಳಬಹುದಿತ್ತಲ್ಲ. ಮನೆಗೆ ನಡೆಯುವಷ್ಟರಲ್ಲಿ ಅದೂ ಹೋಯಿತು. ನನಗೂ ಗಂಟಲು ಕೆರೆಯುತ್ತಿತ್ತಲ್ಲ, ನಾನೂ ಹೇಳಲಿಲ್ಲವಲ್ಲ. ನನ್ನಿಂದ ಅವಳಿಗೆ ಬರಲಿಲ್ಲ ಅನ್ನುವುದು ಈಗ ಗೊತ್ತಾಯಿತು. ಅವಳಿಂದ ನನಗೆ ಬಂತೇ? ಹಿಂದಿನ ವಾರ ಕೆಲಸ ಗೊತ್ತುಮಾಡಲು ನಮ್ಮ ಮನೆಗೆ ಬಂದಿದ್ದಳು, ರಸ ಕುಡಿದಿದ್ದಳು. ಅವತ್ತು ಅವಳ ಗಂಟಲು ಹೇಗಿತ್ತು? ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ರಸ ಚೆನ್ನಾಗಿದೆ ಅಂದದ್ದು ಮಾತ್ರ ನೆನಪಿದೆ.

ಕೊನೆಗೆ ಮೊನ್ನೆ ಕೆಲಸಕ್ಕೆ ಬಂದ ಸುರುಳಿಯ ಹೆಂಡತಿಯನ್ನೇ ಕೇಳಿದೆ. "ತಂಗಿ, ನಿನಗೆ ಆ ಸಳಿ ಯಾರಿಂದ ಬಂತು ಅಂತ ನಿನಗೆ ಅನ್ನಿಸ್ತದೆ?"

ಅವಳು ಗೊಂಚಲಿನಿಂದ ಕಣ್ಣೆತ್ತಲಿಲ್ಲ. "ಆ ವಾರ ನಮ್ಮ ಬೀದಿಯಲ್ಲಿ ಯಾರಿಗೆ ಇರಲಿಲ್ಲ ಅಣ್ಣೇ? ನಮ್ಮನೆ ಅತ್ತೆಗಿತ್ತು, ಮೈದುನಂಗಿತ್ತು."

"ಮತ್ತೆ ನಾನು ಕೊಡೋ ದ್ರಾಕ್ಷಿ?"

"ಚೆನ್ನಾಗಿರ್ತದೆ," ಅಂದಳು. "ನಿಲ್ಲಿಸಬೇಡಿ. ಮಗುಗೆ ಇಷ್ಟ."

ಹಾಗಾದರೆ ನಾನು ಎರಡು ವರ್ಷ ಹೊತ್ತದ್ದು ಏನು? ಅಕ್ಕ ಹೊತ್ತದ್ದು ಏನು? ಇಬ್ಬರೂ ಒಂದೇ ಕಂಬದ ಎರಡು ತುದಿ ಹಿಡಿದುಕೊಂಡು, ಇನ್ನೊಂದು ತುದಿಯಲ್ಲಿ ಯಾರೂ ಇಲ್ಲ ಅಂದುಕೊಂಡು ನಡೆದೆವೋ ಏನೋ. ಮುಖಕ್ಕೆ ಮುಖ ನೋಡಿ ಒಂದು ಸಲ ಕೆಮ್ಮಿದ್ದರೆ ಮುಗಿಯುತ್ತಿತ್ತು. ಗಂಟಲು ಕೇಳಿ ಹದಿಮೂರು ಜನರ ಒಳಗನ್ನು ಹೇಳುತ್ತಿದ್ದವಳ ಗಂಟಲನ್ನು ಕೇಳುವವರು ಯಾರೂ ಇರಲಿಲ್ಲ. ಇಷ್ಟು ಮಾತ್ರ ನನಗೆ ಹೊಳೆಯುವುದು. ಇದು ಸರಿಯೋ ತಪ್ಪೋ ಹೇಳುವವರಿಲ್ಲ.

ಈಗ ಮತ್ತೆ ಕಾರ್ತಿಕ. ಈ ವರ್ಷ ಗುಂಪಿಗೆ ಅಕ್ಕನ ಮಗಳು ಮೇಸ್ತ್ರಿ, ಅವಳೂ ಸೇರಿ ಈಗ ಹದಿಮೂರು ಜನ. ಮೊದಲ ದಿನ ಏರಿ ಮೇಲೆ ಎಲ್ಲರೂ ಸುಮ್ಮನೆ ನಿಂತರು, ಮೊದಲ ಕೂಗು ಯಾರದು ಅಂತ ಗೊತ್ತಾಗದೆ. ನಾನು ಪೆಟ್ಟಿಗೆ ಕೆಳಗಿಟ್ಟು ಏರಿ ಹತ್ತಿದೆ. ಬೆಟ್ಟದ ಕಡೆ ತಿರುಗಿ ನನ್ನ ಹೆಂಡತಿಯ ಹೆಸರು ಕೂಗಿದೆ. ಹೆಂಗಸರು ನಕ್ಕರು. ಅಕ್ಕನ ಮಗಳು ಕಣ್ಣು ಮುಚ್ಚಿ ಕೇಳಿ, "ಗಂಟಲು ಸ್ವಲ್ಪ ಒರಟು ಮಾಮಾ," ಅಂದಳು. ಆ ದಿನ ನನ್ನ ತೋಟದ ಆಚೆ, ಬಿಸಿಲಲ್ಲಿ ಕೂತು, ಸಂಜೆಯವರೆಗೆ ನಾರು ಸೀಳಿದೆ.

ಈಗ ನನ್ನ ಹತ್ತಿರ ಇರುವುದು: ಒಂದೂವರೆ ಎಕರೆ ಚಪ್ಪರ, ಒಂದು ಬಾವಿ, ಎರಡು ಹಸು, ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ದಾರ ಕಟ್ಟಿದ ಹದಿನಾಲ್ಕು ಲೋಟ, ಕೆಲಸಕ್ಕೆ ಬರುವ ಹದಿಮೂರು ಹೆಂಗಸರು. ಬೆಳಿಗ್ಗೆ ಏರಿ ಮೇಲೆ, ನನ್ನದೂ ಸೇರಿ, ಹದಿನಾಲ್ಕು ಕೂಗು.